ಜೀನ್ ಪರೀಕ್ಷೆ ನೋಡಿ ಗೋಧಿ ಬಿಡಿಸಬೇಡಿ

ಸಂಪಾದಕರೇ,

ಗೋಧಿ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ಜೀನ್ ಪರೀಕ್ಷೆ ‘ಪಾಸಿಟಿವ್’ ಬಂದ ಕೂಡಲೇ ಮಗುವಿಗೆ ಚಪಾತಿ ನಿಲ್ಲಿಸುವ ಪೋಷಕರಿದ್ದಾರೆ. ಇಷ್ಟು ಅವಸರ ಬೇಡ. ಈ ಪರೀಕ್ಷೆ ಹುಡುಕುವುದು ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನ್‌ಗಳನ್ನು. ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರಿಗೆ ಇವು ಇರುತ್ತವೆ. ಅವರಲ್ಲಿ ಕಾಯಿಲೆ ಬರುವುದು ತೀರಾ ಕೆಲವರಿಗೆ. ದಕ್ಷಿಣದಲ್ಲಂತೂ ಉತ್ತರಕ್ಕಿಂತ ಬಹಳ ಕಡಿಮೆ. ಪರೀಕ್ಷೆಯ ನಿಜವಾದ ಉಪಯೋಗ ನೆಗೆಟಿವ್ ಬಂದಾಗ. ರೋಗಿಯ ಅಣ್ಣ ತಮ್ಮ, ಅಕ್ಕ ತಂಗಿಯರಿಗೆ ನೆಗೆಟಿವ್ ಬಂದರೆ ಕಾಯಿಲೆಯ ಭಯ ಬಹುತೇಕ ತಪ್ಪುತ್ತದೆ.

ಅನುಮಾನವಿದ್ದರೆ ಮೊದಲು ಈ ಕಾಯಿಲೆಯ ಪ್ರತಿಕಾಯಗಳನ್ನು ಹುಡುಕುವ ಟಿಟಿಜಿ ರಕ್ತಪರೀಕ್ಷೆ ಮಾಡಿಸಬೇಕು, ಅದೂ ಗೋಧಿ ತಿನ್ನುತ್ತಿರುವಾಗಲೇ. ಸುಮ್ನೆ ಮುಂಚೆಯೇ ಬಿಟ್ಟರೆ ಇರುವ ಕಾಯಿಲೆಯೂ ರಿಪೋರ್ಟಿನಲ್ಲಿ ಕಾಣದೆ ಹೋಗಬಹುದು.

ಕಾಯಿಲೆ ಖಚಿತವಾದವರ ಪಾಡೇ ಬೇರೆ. ಉಪ್ಪಿಟ್ಟಿನ ರವೆ, ಗೋಧಿ ಶಾವಿಗೆ ಬಿಟ್ಟರೆ ಸಾಲದು. ಸಾರಿನ ಒಗ್ಗರಣೆಗೆ ಹಾಕುವ ಅಂಗಡಿ ಇಂಗಿನಲ್ಲೂ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ! ಬದುಕಿಡೀ ಮಾಡಬೇಕಾದ ಇಂಥ ಪಥ್ಯವನ್ನು ಆರೋಗ್ಯವಾಗಿರುವ ಮಗುವಿನ ಮೇಲೆ ಹೇರುವುದು ತಪ್ಪಲ್ವಾ?

‘ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ’ ಎಂದು ಲ್ಯಾಬ್‌ಗಳು ರಿಪೋರ್ಟಿನ ಮೇಲೆಯೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ.

– ಓದುಗರೊಬ್ಬರು, ದಾವಣಗೆರೆ