ತಲಕಾಡಿಗೆ ಹೊರಟ ಪುಟ್ಟಿಗೆ

ಬೆಂಗಳೂರು
ಭಾನುವಾರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನಮ್ಮ ಫೋನ್ ಮಾಡಿದ್ದಳು. ನಿನಗೆ ತಲಕಾಡಿನ ಸ್ಕೂಲಿಗೆ ಪೋಸ್ಟಿಂಗ್ ಆಗಿದೆಯಂತೆ, ನೀನು ಮುಖ ಊದಿಸಿಕೊಂಡು ಕೂತಿದ್ದೀಯಂತೆ. "ಬರೀ ಮರಳು, ಒಂದು ಶಾಪ, ಇನ್ನೇನಿದೆ ಅಲ್ಲಿ?" ಅಂದೆಯಂತೆ. ಅದು ನನ್ನ ತವರು ಅನ್ನೋದು ಮರೆತೇ ಹೋಯಿತಾ? ಇರಲಿ, ಸಿಟ್ಟು ಬರಲಿಲ್ಲ. ಮದುವೆಯಾಗಿ ಬಸವನಗುಡಿಗೆ ಬಂದ ಹೊಸದರಲ್ಲಿ ಅಕ್ಕಪಕ್ಕದವರು ಊರು ಯಾವುದು ಅಂತ ಕೇಳಿದರೆ ನಾನೂ ಆ ಶಾಪದ ಕಥೆಯನ್ನೇ ಹೇಳುತ್ತಿದ್ದೆ. ಜನ ಕಣ್ಣರಳಿಸಿ ಕೇಳುತ್ತಿದ್ದರು, ನನಗೂ ಖುಷಿ.

ಕಥೆ ನಿನಗೂ ಗೊತ್ತು. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣ ತೆಗೆದುಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ, ಒಡವೆಗಾಗಿ ಸೈನಿಕರು ಬೆನ್ನು ಹತ್ತಿದಾಗ ಕಾವೇರಿ ಹೊಳೆಗೆ ಹಾರಿದಳು. ಹಾರುವ ಮುಂಚೆ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ" ಅಂದಳು ಅಂತ ಹೇಳುತ್ತಾರೆ.

ಆದರೆ ಊರಿನ ಮೇಲ್ಗಡೆ ವಿಜಯನಗರದ ಕಾಲದ ಒಂದು ಕಟ್ಟೆ ಇದೆ. ಮಾಧವಮಂತ್ರಿ ಕಟ್ಟೆ ಅಂತ. ಅಲಮೇಲಮ್ಮನಿಗಿಂತ ಎಷ್ಟೋ ಹಿಂದಿನದು. ಅಲ್ಲಿ ನೀರು ನಿಂತ ಮೇಲೆ ಕೆಳಗಿನ ಹೊಳೆಯ ಪಾತ್ರ ಬೇಸಿಗೆಯಲ್ಲಿ ಬರಿದಾಗಿ, ಒಣಗಿದ ಮರಳನ್ನು ಗಾಳಿ ಎತ್ತಿ ತಂದು ಊರ ಮೇಲೆ ಸುರಿಯಿತು ಅನ್ನುತ್ತಾರೆ ತಿಳಿದವರು. ನಾನು ಅದನ್ನು ನಂಬುತ್ತೇನೆ. ಗಾಳಿ ತಿರುಗಿದ ದಿನ ಹಾಸಿಗೆ ಕೊಡವದೆ ಮಲಗುವ ಹಾಗಿರಲಿಲ್ಲ. ಮುಚ್ಚಿಟ್ಟ ಮುದ್ದೆಯಲ್ಲೂ ಕರಕರ ಅನ್ನುತ್ತಿತ್ತು. ಮರಳು ಹಾರದಿರಲಿ ಅಂತಲೇ ಆಮೇಲೆ ಸರ್ವೆ, ನೀಲಗಿರಿ ಹಾಕಿಸಿದ್ದು.

ಈಗ ಇನ್ನೊಂದು ಮಾತು ಕೇಳು. ನಮ್ಮಪ್ಪನ ಇಪ್ಪತ್ತು ಗುಂಟೆ ಗದ್ದೆಗೆ ನೀರು ಬರುತ್ತಿದ್ದದ್ದೂ ಆ ಕಟ್ಟೆಯ ನಾಲೆಯಿಂದಲೇ. ನಮ್ಮ ಸರದಿ ರಾತ್ರಿ ಬಂದರೆ ಅಪ್ಪ ಲಾಟೀನು ಹಿಡಿದು ನೀರು ಕಟ್ಟೋಕೆ ಹೋಗುತ್ತಿದ್ದರು. ಬೆಳಗಿನ ಜಾವ ಕಾಲೆಲ್ಲ ಕೆಸರು ಮಾಡಿಕೊಂಡು ಬಂದು, ನೀರುಗಂಟಿಗೆ ಎರಡು ಬೈದು, ಕಾಫಿ ಕುಡಿಯುತ್ತಿದ್ದರು. ಊರು ಹೂತ ಮರಳಿಗೂ ಆ ಕಟ್ಟೆಯೇ ಕಾರಣ, ನಾವು ಉಂಡ ಅನ್ನಕ್ಕೂ ಆ ಕಟ್ಟೆಯೇ ಕಾರಣ. ಇದನ್ನು ಯಾವ ಗೈಡೂ ಹೇಳೋದಿಲ್ಲ ನೋಡು.

ಅದಕ್ಕೇ ನಿನಗೆ ಹೇಳೋದು, ಮಕ್ಕಳನ್ನು ಒಂದು ದಿನ ಆ ಕಟ್ಟೆಗೆ ಕರೆದುಕೊಂಡು ಹೋಗು. ಹಾಗಂತ ಅವರ ಅಜ್ಜಿಯರ ಹತ್ತಿರ "ಶಾಪ ಎಲ್ಲ ಸುಳ್ಳು" ಅಂತ ವಾದಕ್ಕೆ ಇಳೀಬೇಡ. ನಮ್ಮಜ್ಜಿ ಅಲಮೇಲಮ್ಮನ ಹೆಸರು ಎತ್ತಿದಾಗೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾರೋ ದಿಕ್ಕಿಲ್ಲದ ಹೆಂಗಸು ಅಂತ. ಅವಳ ಅಳುವಿಗೆ ನಾನೇನು ಉತ್ತರ ಕೊಡಲಿ?

ಅಲ್ಲಿಗೆ ಹೋದ ಮೊದಲ ವಾರದಲ್ಲೇ ಒಮ್ಮೆ ಕೀರ್ತಿನಾರಾಯಣನ ಗುಡಿ ಕಡೆ ನಡೆದು ಬಾ. ಚೋಳರನ್ನು ಸೋಲಿಸಿದ ನೆನಪಿಗೆ ಹೊಯ್ಸಳರ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು. ಮರಳು ತೆಗೆದು ಹೊರಗೆ ತಂದ ಗುಡಿ. ದಿಬ್ಬದ ಮೇಲೆ ನಿಂತರೆ ಗುಡಿಯೇ ಗುಂಡಿಯೊಳಗೆ ಕೂತ ಹಾಗೆ ಕಾಣುತ್ತೆ. ವೈದ್ಯನಾಥೇಶ್ವರನ ಕಥೆ ನನಗೆ ಶಾಪಕ್ಕಿಂತ ಇಷ್ಟ. ತಲ, ಕಾಡ ಅಂತ ಇಬ್ಬರು ಬೇಡರು ಮರಕ್ಕೆ ಕೊಡಲಿ ಹಾಕಿದರಂತೆ, ರಕ್ತ ಬಂತಂತೆ. ಆ ಮರದ್ದೇ ಎಲೆ ಹಾಕಿ ಕಟ್ಟಿದ ಮೇಲೆ ನಿಂತಿತಂತೆ. ತನ್ನ ಗಾಯಕ್ಕೆ ತಾನೇ ಮದ್ದು ಕೊಟ್ಟ ದೇವರು!

ಕಾರ್ತಿಕ ಸೋಮವಾರ ಹಾಜರಿ ಕಮ್ಮಿ ಇದ್ದರೆ ಮಕ್ಕಳನ್ನು ಬೈಬೇಡ. ಹೂವು, ಕಡಲೆಪುರಿ, ಚಪ್ಪಲಿ ಕಾಯೋದು, ಅಪ್ಪನ ತೆಪ್ಪದ ಹತ್ತಿರ ಗಿರಾಕಿ ಕರೆಯೋದು, ಎಲ್ಲದಕ್ಕೂ ಅವರೇ ಬೇಕು. ಐದು ಶಿವಲಿಂಗಗಳನ್ನು ಒಟ್ಟಿಗೆ ನೋಡೋ ಪಂಚಲಿಂಗ ದರ್ಶನ ಬಂದರಂತೂ ಕೇಳಲೇಬೇಡ. 2009, 2013, 2020, ಹೀಗೆ ಯೋಗ ಕೂಡಿದಾಗ ಬರುತ್ತೆ. 2020ರಲ್ಲಿ ಕೊರೋನಾ ಇದ್ದದ್ದರಿಂದ ಹೆಚ್ಚು ಜನರನ್ನು ಬಿಡಲಿಲ್ಲ, ವ್ಯಾಪಾರವೂ ಅಷ್ಟಕ್ಕಷ್ಟೆ.

ಹೊಳೆ ವಿಷಯ ಮಾತ್ರ ಖಡಾಖಂಡಿತ. ಎಷ್ಟೇ ಶಾಂತವಾಗಿ ಕಂಡರೂ ಗೊತ್ತಿರೋರು ಇಲ್ಲದೆ ಇಳೀಬೇಡ. ಮೊಣಕಾಲುದ್ದ ಇರುತ್ತೆ, ಮುಂದಿನ ಹೆಜ್ಜೆಗೆ ಕತ್ತಿನವರೆಗೆ. ಒಂಬತ್ತು ವರ್ಷದವಳಿದ್ದಾಗ ಬಟ್ಟೆ ಒಗೆಯೋಕೆ ಹೋಗಿ ನಾನು ಹಾಗೇ ಜಾರಿದ್ದೆ. ಬಲೆ ಹಾಕುತ್ತಿದ್ದವರೊಬ್ಬರು ಜಡೆ ಹಿಡಿದು ಎಳೆದರು. ಮೇಲಿಂದ ನೀರು ಬಿಟ್ಟಿದ್ದಾರಾ ಅಂತ ಊರಿನವರನ್ನು ಕೇಳು. ಕೆಆರ್‌ಎಸ್ ಎಷ್ಟು ಅಡಿ ಇದೆ, ಕಬಿನಿಯಿಂದ ಎಷ್ಟು ಬಿಟ್ಟರು ಅನ್ನೋದು ಅಲ್ಲಿ ಟೀ ಅಂಗಡಿಯಲ್ಲೇ ಗೊತ್ತಾಗುತ್ತೆ.

ಇನ್ನೊಂದು, ನಿನಗೆ ಗೊತ್ತಿರಲಿಕ್ಕಿಲ್ಲ. ನೀನು ಇಷ್ಟು ವರ್ಷ ನಮ್ಮ ಅಡುಗೆಮನೆ ನಲ್ಲಿಯಲ್ಲಿ ಕುಡಿದದ್ದು ತಲಕಾಡು ದಾಟಿ ಬಂದ ನೀರು. ಅಲ್ಲಿಂದ ಕೆಳಗೆ ಶಿವ ಅಣೆಕಟ್ಟಿನ ಹತ್ತಿರ ಎತ್ತಿ, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಮೂರು ಕಡೆ ಪಂಪ್ ಮಾಡಿ ನೂರು ಕಿಲೋಮೀಟರ್ ಕಳಿಸುತ್ತಾರೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಬಿಂದಿಗೆ ಸಾಲು ಇಟ್ಟಿದ್ದೆವಲ್ವಾ? ಆಗ ಪಕ್ಕದಲ್ಲಿ ನಿಂತವರಿಗೆ, ನಮ್ಮೂರ ಹೊಳೆ ಬತ್ತಿರಬೇಕು ಅಂದೆ. ಅವರು ನನ್ನ ಮುಖ ನೋಡಿದರು.

ಆ ಕಪ್ಪು ಶೂ ಇಲ್ಲೇ ಬಿಟ್ಟು ಹೋಗು, ಎರಡೇ ದಿನದಲ್ಲಿ ಒಳಗೆಲ್ಲ ಮರಳಾಗುತ್ತೆ. ಹವಾಯಿ ಚಪ್ಪಲಿ ಸಾಕು. ಮಧ್ಯಾಹ್ನ ದಿಬ್ಬದ ಕಡೆ ಬರಿಗಾಲಲ್ಲಿ ಹೋಗಬೇಡ, ಸುಡುತ್ತೆ. ದಸರಾ ರಜಕ್ಕೆ ಬರುವಾಗ ಅಲ್ಲಿನ ಬಾಳೆಹಣ್ಣು ಒಂದು ಚಿಪ್ಪು ತಾ. ಸುಮ್ನೆ ಕೇಳ್ತಿಲ್ಲ, ನಿಜವಾಗಿ ತರಬೇಕು.

ಇಂತಿ,
ನಿನ್ನ ದೊಡ್ಡಮ್ಮ