ಕುಚ್ಚಿಲಕ್ಕಿಗೂ ಅಳತೆ ಬೇಕು

ಮಾನ್ಯರೇ,

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಮಧುಮೇಹ ಇರುವವರು ಚಹಾದ ಸಕ್ಕರೆಯನ್ನು ಬಿಟ್ಟು, ಕುಚ್ಚಿಲಕ್ಕಿ (ಭತ್ತವನ್ನು ಬೇಯಿಸಿ ಮಾಡಿದ ಅಕ್ಕಿ) ಅನ್ನವನ್ನು ಮಾತ್ರ ಹಿಂದಿನಷ್ಟೇ ಉಣ್ಣುವುದು ಸಾಮಾನ್ಯ. ಕುಚ್ಚಿಲಕ್ಕಿಯು ಬೆಳ್ತಿಗೆ ಎಂಬ ಬಿಳಿ ಅಕ್ಕಿಗಿಂತ ತುಸು ನಿಧಾನವಾಗಿ ರಕ್ತದ ಗ್ಲೂಕೋಸನ್ನು ಏರಿಸಬಹುದಾದರೂ ಅದೂ ಪಿಷ್ಟವೇ ಆದುದರಿಂದ, ಅಳತೆ ಮೀರಿದರೆ ಆ ಅನುಕೂಲ ಉಳಿಯುವುದಿಲ್ಲ. ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಗಂಜಿ ಎಂದರೆ ದಿನವಿಡೀ ಅಕ್ಕಿಯೇ ಆಯಿತು. ಹಲಸಿನ ಕಾಲದಲ್ಲಿ ಸೊಳೆಗಳ ಲೆಕ್ಕವನ್ನಂತೂ ಯಾರೂ ಇಡುವುದಿಲ್ಲ!

ಒಂದು ಸೌಟು ಅನ್ನವನ್ನು ಕಡಿಮೆ ಮಾಡಿ, ಆ ಜಾಗಕ್ಕೆ ತೊಂಡೆಕಾಯಿ ಅಥವಾ ಅಲಸಂಡೆ ಪಲ್ಯ, ಹುರುಳಿ ಸಾರು, ಮೀನು ತಿನ್ನುವವರಾದರೆ ಬಂಗುಡೆಯನ್ನು ಸೇರಿಸಿಕೊಳ್ಳುವುದು ಕಷ್ಟವಲ್ಲ. ಪಲ್ಯವನ್ನು ಮೊದಲು ತಿಂದು ಅನ್ನವನ್ನು ಆಮೇಲೆ ಉಂಡರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಊಟ ಆರಂಭಿಸಿದ 2 ಗಂಟೆಗಳ ಬಳಿಕ ರಕ್ತದ ಗ್ಲೂಕೋಸನ್ನು ಪರೀಕ್ಷಿಸಿದರೆ ಯಾವ ಊಟ ತಮಗೆ ಒಗ್ಗುತ್ತದೆಂಬುದು ತಿಳಿಯುತ್ತದೆ.

ಉಪವಾಸದ ವಿಚಾರ ಇನ್ನೂ ಗಂಭೀರ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏಕಾದಶಿ ಆಚರಿಸಿದರೆ ಗ್ಲೂಕೋಸ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 70 ಮಿ.ಗ್ರಾಂ.ಗಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆಗ 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು.

ಇಲ್ಲಿ ರೋಗಿಗಳ ಕೈಗೆ ಬರುವ ಆಹಾರ ಸೂಚನೆಯ ಚೀಟಿ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ನಮ್ಮ ಹಿರಿಯರಲ್ಲಿ ಅನೇಕರಿಗೆ ಅದನ್ನು ಓದಲು ಬಾರದು. ಗಂಜಿ, ನೀರುದೋಸೆಗಳ ಪ್ರಮಾಣವನ್ನು ಹೇಳುವ ಕನ್ನಡ ಚೀಟಿಯನ್ನು ಸಂಬಂಧಪಟ್ಟವರು ಒದಗಿಸಬೇಕೆಂದು ವಿನಂತಿ.

– ಓರ್ವ ಓದುಗ, ಬದಿಯಡ್ಕ