ಡೈರಿಯಲ್ಲಿ ಬರೆದ ಸೂಚನೆಯ ಕುರಿತು ಪೋಷಕರಿಗೆ

ಮಾನ್ಯ ಪೋಷಕರೇ, ನಮಸ್ಕಾರಗಳು.

ಕಳೆದ ವಾರ ಕೆಲವು ಮಕ್ಕಳ ಡೈರಿಯಲ್ಲಿ ತರಗತಿ ಶಿಕ್ಷಕಿಯರು ‘ಮುಖ ಊದಿಕೊಂಡಂತಿದೆ, ಮೂತ್ರ ಪರೀಕ್ಷೆ ಮಾಡಿಸಿ’ ಎಂದು ಬರೆದದ್ದಕ್ಕೆ ತಮ್ಮಲ್ಲಿ ಹಲವರು ಬೇಸರಪಟ್ಟಿರುವುದು, ಪಾಠ ಬಿಟ್ಟು ವೈದ್ಯಕೀಯಕ್ಕೆ ಕೈಹಾಕಿದ್ದಾರೆಂದು ಆಕ್ಷೇಪಿಸಿರುವುದು ನನ್ನ ಗಮನಕ್ಕೆ ಬಂದಿದೆ. ಶಿಕ್ಷಕಿಯರು ರೋಗ ನಿರ್ಣಯಿಸುವುದಿಲ್ಲ, ನಿರ್ಣಯಿಸಲೂಬಾರದು. ಕಣ್ಣಿಗೆ ಕಂಡದ್ದನ್ನು ತಿಳಿಸುತ್ತಾರೆ, ಅಷ್ಟೇ.

ಕಿಡ್ನಿ ತೊಂದರೆ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಬರುವಂಥದ್ದೆಂದು ನಾವೆಲ್ಲ ನಂಬಿದ್ದೇವೆ. ಆದರೆ ಒಂದೊಂದು ಮೂತ್ರಪಿಂಡದಲ್ಲೂ ಇರುವ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳು ಕಲ್ಮಶವನ್ನು ಹೊರಹಾಕಿ ಪ್ರೋಟೀನನ್ನು ರಕ್ತದಲ್ಲೇ ಉಳಿಸಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಈ ಶೋಧಕಗಳು ಕೆಟ್ಟು ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಆಗ ಮೂತ್ರ ನೊರೆನೊರೆಯಾಗುತ್ತದೆ, ಬೆಳಿಗ್ಗೆ ಕಣ್ಣಿನ ಸುತ್ತ ಊತ ಕಾಣುತ್ತದೆ, ಸಂಜೆಯ ಹೊತ್ತಿಗೆ ಮುಖ ಇಳಿದು ಪಾದ ಊದುತ್ತದೆ. ಒಂದು ಮಗು ಕಾಲುಚೀಲ ಕಳಚಿದಾಗ ಎಲಾಸ್ಟಿಕ್ಕಿನ ಅಚ್ಚು ಚರ್ಮದಲ್ಲಿ ಹೂತು, ಮಧ್ಯಾಹ್ನದ ಊಟ ಮುಗಿದರೂ ಮಾಸದಿರುವುದನ್ನು ನಮ್ಮ ಶಿಕ್ಷಕಿ ನೋಡಿದರು.

‘ಮನೆಯಲ್ಲಿ ಚೆನ್ನಾಗಿಯೇ ಇರುತ್ತಾನೆ’ ಎಂಬ ತಮ್ಮ ಮಾತು ಸುಳ್ಳಲ್ಲ. ಮೂಡಿಗೆರೆಯ ಸುತ್ತಿನ ತೋಟಗಳಿಗೆ ಮಗು ಏಳುವ ಮೊದಲೇ ಹೊರಡುವ ತಾವು ನೋಡುವುದು ಸಂಜೆಯ ಮುಖ, ನಾವು ನೋಡುವುದು ಪ್ರಾರ್ಥನೆಯ ಹೊತ್ತಿನ ಮುಖ. ಈ ಮಳೆಯಲ್ಲಿ ಶೀತದಿಂದಲೋ ನಿದ್ದೆಗೆಟ್ಟೋ ಮುಖ ಊದಿರಬಹುದು, ಅದನ್ನು ನಾನೂ ಒಪ್ಪುತ್ತೇನೆ. ಹಾಗಿದ್ದರೆ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ, ಭಯಪಡಬೇಕಿಲ್ಲ. ಗಂಟಲು ನೋವಾದ ಒಂದೆರಡು ವಾರಕ್ಕೆ ಅಥವಾ ಕೀವುಗಟ್ಟಿದ ಕಜ್ಜಿಯಾದ ಕೆಲವು ವಾರಗಳಿಗೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅಥವಾ ಮೂತ್ರದ ಪ್ರಮಾಣ ತೀರಾ ಕಡಿಮೆಯಾದರೆ, ಬಾರ್ಲಿ ನೀರು ಕುಡಿಸುತ್ತಾ ದಿನ ದೂಡುವುದು ಸರಿಯಲ್ಲ. ಮಕ್ಕಳಲ್ಲಿ ಇಂಥ ತೊಂದರೆ ಬೇಗ ಗೊತ್ತಾದರೆ ಬಹುಪಾಲು ಚಿಕಿತ್ಸೆಗೆ ಬಗ್ಗುತ್ತದೆ ಎಂಬ ಕಾರಣಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಪಾಠದ ನಡುವೆ ಶೌಚಾಲಯಕ್ಕೆ ಕಳುಹಿಸುತ್ತಾರೆಂಬ ದೂರೂ ಬಂದಿದೆ. ಮೂತ್ರ ತಡೆದು ಕೂರುವುದರಿಂದ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಸೋಂಕು ತಗಲುವ ಸಾಧ್ಯತೆ ಹೆಚ್ಚು. ಆದ್ದರಿಂದ ಆ ಅನುಮತಿಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಡೈರಿಯಲ್ಲಿ ಬರೆಯುವ ಪದ್ಧತಿಯೂ ಮುಂದುವರಿಯುತ್ತದೆ. ಬೇರೆ ಮಕ್ಕಳ ಎದುರಿಗೆ ಈ ವಿಷಯ ಎತ್ತಬಾರದೆಂದು ಶಿಕ್ಷಕಿಯರಿಗೆ ತಿಳಿಸಿದ್ದೇನೆ.

ಸೂಚನೆ ಬಂದ ಮಕ್ಕಳ ಪೋಷಕರು ದಯವಿಟ್ಟು ಈ ವಾರದೊಳಗೆ ಹತ್ತಿರದ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ, ಡೈರಿಗೆ ಸಹಿ ಹಾಕಿ ಕಳುಹಿಸಬೇಕು.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ